ಸೀಳುಹುಬ್ಬಿನ ಗಡಿಗೆ

ನಮ್ಮ ನದಿಯಲ್ಲಿ ಯಾರಿಗೂ ತಮ್ಮ ಮುಖ ಕಾಣುವುದಿಲ್ಲ. ನೀರು ಬರಗಿನ ಗಂಜಿಯ ಹಾಗೆ ಮಂದ, ಹಳದಿ. ಬಗ್ಗಿ ನೋಡಿದರೆ ಮಣ್ಣೇ ಮಣ್ಣು. ಹೀಗಾಗಿ ನಮ್ಮೂರಿನಲ್ಲಿ ಪ್ರತಿಯೊಬ್ಬರಿಗೂ ಊರವರ ಮುಖವೆಲ್ಲ ಗೊತ್ತು, ತಮ್ಮದೊಂದು ಬಿಟ್ಟು. ನನಗೆ ಕಿವಿ ದೊಡ್ಡದು ಅನ್ನುತ್ತಾರೆ. ಅನ್ನಲಿ. ನಾನಂತೂ ನೋಡಿಲ್ಲ.

ನನ್ನ ಅಕ್ಕ ಕೂಯಿನ್ ಮೊಗದ ಗಡಿಗೆ ಮಾಡುವವಳು. ನಾನು ಅವಳ ಆವಿಗೆಗೆ, ಗಡಿಗೆ ಸುಡುವ ಗೂಡಿಗೆ, ಸೌದೆ ಹಾಕುವವನು. ಗಡಿಗೆಯ ಹೊಟ್ಟೆಯನ್ನು ಮಣ್ಣಿನ ಸುರುಳಿ ಸುತ್ತಿ ಸುತ್ತಿ ಯಾರು ಬೇಕಾದರೂ ಏರಿಸಿಯಾರು. ಕತ್ತಿನ ಮೇಲೆ ತಲೆ ಕೂರಿಸುವುದಿದೆಯಲ್ಲ, ಅದು ಎಲ್ಲರ ಕೈಗೂ ಬರುವಂಥದ್ದಲ್ಲ. ಕಣ್ಣು ಮುಚ್ಚಿಕೊಂಡು ಮಾಡಬೇಕು. ಎಡಗೈ ತನ್ನ ಮುಖದ ಮೇಲೆ, ಬಲಗೈ ಹಸಿ ಮಣ್ಣಿನ ಮೇಲೆ. ಎಡಗೈಗೆ ತಿಳಿದದ್ದನ್ನು ಬಲಗೈ ಮಾಡುತ್ತಾ ಹೋಗಬೇಕು. ಬೇರೆಯವರ ಮುಖ ನೋಡಿಕೊಂಡು ಮಾಡಿದರೆ ಅವರ ಉಸಿರು ಗಡಿಗೆಗೆ ಹೋಗಿಬಿಡುತ್ತದೆ, ಅದಕ್ಕೇ ಈ ಕಟ್ಟಳೆ. ಆದ್ದರಿಂದ ಮಾಡಿದವಳ ಮುಖವೇ ಗಡಿಗೆಗೆ ಬರುತ್ತದೆ. ನೋಡಿದವರಿಗೆಲ್ಲ ಅದು ಗೊತ್ತು, ಮಾಡಿದವಳಿಗೆ ಮಾತ್ರ ಗೊತ್ತಿಲ್ಲ.

ನಮ್ಮ ಕಣಿವೆಯ ಎಷ್ಟೋ ಮನೆಗಳಲ್ಲಿ ಚಳಿಗಾಲವಿಡೀ ಬಿತ್ತನೆ ನವಣೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾಯುವವಳು ನನ್ನ ಅಕ್ಕನೇ. ಅಗಲ ಕೆನ್ನೆ, ಹಣೆಯ ಮೇಲೆ ಸಮನಾಗಿ ಕತ್ತರಿಸಿದ ಕೂದಲು, ಚಿಕ್ಕ ಗದ್ದ, ಏನೋ ಹೇಳಲು ಹೊರಟು ನಿಂತುಹೋದ ಬಾಯಿ. ಮೊಗದ ಗಡಿಗೆಯಲ್ಲಿಟ್ಟ ಬೀಜವೇ ಮೊಳೆಯುವುದು ಎಂದು ಜನ ನಂಬಿದ್ದಾರೆ. ನಾನು ಒಂದು ಸಲ ಬರೀ ಗಡಿಗೆಯಲ್ಲಿಟ್ಟ ಬೀಜ ಬಿತ್ತಿದ್ದೆ, ಅದೂ ಮೊಳೆಯಿತು. ಆದರೆ ಈ ಮಾತನ್ನು ನಾನು ಹೊರಗೆ ಆಡುವುದಿಲ್ಲ. ನಮ್ಮ ಮನೆಯ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಳ್ಳಲೇ?

ಅಕ್ಕನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ನ್ಯಾಮ್, ಚಿಕ್ಕವಳು ತ್ಸೇ. ನ್ಯಾಮ್‌ಳ ಕೈ ಅಕ್ಕನ ಕೈಯನ್ನೂ ಮೀರಿಸುವಂತಿತ್ತು. ಆವಿಗೆ ಅವಳಿಗೇ ಎಂದು ಊರೆಲ್ಲ ತೀರ್ಮಾನಿಸಿಯಾಗಿತ್ತು. ಐದಾರು ಚಳಿಗಾಲದ ಹಿಂದೆ, ದೊಡ್ಡ ಮಳೆ ನಿಂತ ಮರುದಿನ, ಮಣ್ಣು ತರುತ್ತೇನೆಂದು ನದಿಯ ದಂಡೆಗೆ ಹೋದಳು. ದಂಡೆ ಕುಸಿಯಿತು. ಬುಟ್ಟಿ ಸಿಕ್ಕಿತು, ಹುಡುಗಿ ಸಿಗಲಿಲ್ಲ.

ನದಿ ಒಯ್ದವರು ನದಿಗೆ ಸೇರಿದವರು. ಅವರು ಎಲ್ಲೋ ದಡ ಸೇರಿ ಬದುಕಿದ್ದರೂ ಊರಿಗೆ ಮರಳುವಂತಿಲ್ಲ. ಬದುಕಿದ್ದಾರೆ ಎಂಬ ಸುದ್ದಿಯನ್ನು ಯಾರೂ ಬಾಯಿಬಿಟ್ಟು ತರುವಂತಿಲ್ಲ. ತಂದರೆ, ಕೊಟ್ಟದ್ದನ್ನು ಕಿತ್ತುಕೊಂಡಿರಿ ಎಂದು ನದಿ ಅದೇ ಮನೆಯಿಂದ ಇನ್ನೊಬ್ಬರನ್ನು ಎಳೆದುಕೊಳ್ಳುತ್ತದೆ. ನನ್ನಜ್ಜಿಯ ಕಾಲದಲ್ಲಿ ಕೊಚ್ಚಿಹೋದವನೊಬ್ಬ ನಡೆದುಕೊಂಡು ವಾಪಸು ಬಂದನಂತೆ. ಅದೇ ಮಳೆಗಾಲದಲ್ಲಿ ಅವನ ತಮ್ಮ ಹೋದ. ಅಲ್ಲಿಂದೀಚೆಗೆ ಈ ನದಿಯ ಉದ್ದಕ್ಕೂ, ಮೇಲಿನವರಾಗಲಿ ಕೆಳಗಿನವರಾಗಲಿ, ಈ ಕಟ್ಟಳೆ ಮುರಿದವರಿಲ್ಲ.

ಹೆಣ ಸಿಕ್ಕವರ ಪಕ್ಕ ಅವರ ಮನೆಯ ಗಡಿಗೆ ಇಟ್ಟು ಹೂಳುತ್ತೇವೆ, ಸಿಗದವರಿಗೆ ಹೆಣದ ಬದಲಿಗೇ ಒಂದು ಮೊಗದ ಗಡಿಗೆ ಮಾಡುತ್ತೇವೆ. ಮೂಗು, ಬಾಯಿ, ಕಿವಿ ಎಲ್ಲ ಇರುತ್ತದೆ, ಕಣ್ಣಿಗೆ ಮಾತ್ರ ತೂತು ಹಾಕುವುದಿಲ್ಲ. ಕುರುಡು ಗಡಿಗೆ. ಅದನ್ನು ಮನೆಯ ಹಿಂದೆ ಹೂತರೆ ಹೋದವರ ಹೆಸರು ತೀರಿತು, ಅವರ ಜಾಗಕ್ಕೆ ಮುಂದಿನವರು ಬರಬಹುದು. ಹೂಳುವ ತನಕ ತ್ಸೇಗೆ ಆವಿಗೆಯಿಲ್ಲ. ಆ ಕುರುಡು ಗಡಿಗೆ ಬಿಟ್ಟು ಬೇರೆ ಮೊಗದ ಗಡಿಗೆಗೆ ಅವಳು ಕೈ ಹಾಕುವಂತೆಯೂ ಇಲ್ಲ.

ಅಕ್ಕ ಹೂಳಲು ಒಪ್ಪಲಿಲ್ಲ. ಒಂದು ವಸಂತ ಕಳೆಯಿತು, ಇನ್ನೊಂದು ಕಳೆಯಿತು. ಅಷ್ಟರಲ್ಲಿ ಅವಳ ಬೆರಳ ಗಂಟುಗಳು ಊದಿಕೊಂಡವು. ಕತ್ತಿನ ಸುರುಳಿ ಸುತ್ತುವಾಗ ಹಲ್ಲು ಕಚ್ಚುವುದನ್ನು ನಾನು ಆವಿಗೆಯ ಬಾಯಲ್ಲಿ ಕೂತು ನೋಡುತ್ತಿದ್ದೆ. ಕಣಿವೆಯವರು ಗಡಿಗೆ ಕೇಳಿ ಬಂದು ಬರಿಗೈಯಲ್ಲಿ ಹೋಗತೊಡಗಿದರು. ಆಗ ಹಾಕ್ ಅಜ್ಜಿ ಬಂದಳು. ಊರಿನ ಹೆರಿಗೆಗಳೂ ಅವಳದೇ, ಹೂಳುವುದೂ ಅವಳದೇ. ಬಾಯಿ ಎಂದರೆ ಬಾಯಿ.

"ನೋಡೇ ಕೂಯಿನ್," ಅಂದಳು. "ಇನ್ನೂ ಎಷ್ಟು ಕಾಲ ಹಿಂಗೇ ಕೂತಿರ್ತೀಯ? ನಿನ್ ಕೈ ನೋಡ್ಕೊ, ಶುಂಠಿ ಥರ ಆಗಿದೆ. ಇಲ್ಲದೋಳಿಗೆ ಜಾಗ ಹಿಡ್ಕೊಂಡು ಇರೋಳನ್ನ ಬೀದೀಲಿ ನಿಲ್ಲಿಸ್ತೀಯ?"

"ನಿಲ್ಲಿಸಿಲ್ಲ, ಅಜ್ಜಿ. ಒಳಗೇ ಕೂತವ್ಳೆ."

"ಮಾತಿಗೇನೂ ಕಮ್ಮಿಯಿಲ್ಲ. ಈ ಸಲ ಹೂಳ್ದಿದ್ರೆ ಊರಿನೋರು ಆವಿಗೆನ ಆ ಮೇಲಿನ ಮನೆಯೋರಿಗೆ ಕೊಡ್ತಾರೆ. ಆಮೇಲೆ ಅಕ್ಕ ತಮ್ಮ ಇಬ್ರೂ ಬೂದಿ ಕೆದಕ್ಕೊಂಡು ಕೂತ್ಕೊಳಿ."

ತ್ಸೇ ಮೂಲೆಯಲ್ಲಿ ನಾರು ಹೊಸೆಯುತ್ತಿದ್ದಳು. ಅಜ್ಜಿಯ ಮಾತಿಗೆ ಹೊಸೆಯುತ್ತಿದ್ದ ಕೈ ನಿಂತಿತ್ತು. ಅಕ್ಕ ಅದನ್ನು ನೋಡಿದಳು. ಮರುದಿನ ಬೆಳಿಗ್ಗೆ ತಾನೇ ಮಣ್ಣು ನಾದಿ ಮಗಳ ಮುಂದಿಟ್ಟಳು.

ತ್ಸೇ ಕಣ್ಣು ಮುಚ್ಚಿ ತನ್ನ ಮೊದಲ ಮೊಗ ಮಾಡಿದಳು. ಸುಮ್ಮನೆ ಹೇಳಬಾರದು, ಚೆನ್ನಾಗಿ ಬಂತು. ಉದ್ದ ಮೂಗು, ಅವುಡುಗಚ್ಚಿದ ಬಾಯಿ, ಅವಳೇ ಸರಿ. ಕಣ್ಣಿನ ಜಾಗದಲ್ಲಿ ನುಣ್ಣಗೆ ಉಬ್ಬು ಬಿಟ್ಟಳು. ನಾನು ಸುಟ್ಟುಕೊಟ್ಟೆ. ಸಾವಿನ ಗಡಿಗೆಯೆಂದು ಬೆಂಕಿಯೇನೂ ಬೇರೆ ಇರುವುದಿಲ್ಲ, ಅದೇ ಸೌದೆ, ಅದೇ ಹೊಗೆ.

ಹೂಳುವ ದಿನ ಮನೆಯ ಹಿಂದೆ ಹಳ್ಳ ತೋಡಿದೆ. ಹಂದಿಯೊಂದನ್ನು ಕೊಯ್ದಾಗಿತ್ತು, ಆದ್ದರಿಂದ ಊರವರು ಹೊತ್ತಿಗೆ ಮುಂಚೆಯೇ ಬಂದಿದ್ದರು. ಹಾಕ್ ಅಜ್ಜಿ ಗಡಿಗೆಗೆ ಕೆಂಪು ಮಣ್ಣಿನ ಪುಡಿ ಬಳಿಯಲು ಕೂತಿದ್ದಳು. ಆಗ ನಾಯಿಗಳು ಬೊಗಳಿದವು. ಉಪ್ಪಿನ ಬೋರಕ್ ಬಂದ.

ಬೋರಕ್ ಕೆಳನದಿಯವನು. ಹೆಗಲ ಮೇಲೆ ಅಡ್ಡೆ ಹಾಕಿಕೊಂಡು ಉಪ್ಪು, ಚಿಪ್ಪು ತರುತ್ತಾನೆ, ನಾರುಬಟ್ಟೆ, ಗಡಿಗೆ ಒಯ್ಯುತ್ತಾನೆ. ಅವನ ಮೂಗು ನಡುವಿನಲ್ಲೇ ಒಂದು ಕಡೆಗೆ ತಿರುಗಿದೆ. ಹೊಡೆದಾಟದ್ದಲ್ಲ, ಹುಟ್ಟಿನದು. ಅವನಿಗಿಂತ ಮುಂಚೆ ಬರುತ್ತಿದ್ದ ಅವನಪ್ಪನದೂ ಹಾಗೇ ಇತ್ತು. ಮುಂದೆ ನಡೆದರೂ ಮೂಗು ಪಕ್ಕದ ಮನೆಗೆ ಹೋಗುತ್ತದೆ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಮಾತುಗಾರ. ಆದರೆ ಆವತ್ತು ಮಾತಿಲ್ಲ. ಅಡ್ಡೆಯ ಒಂದು ತುದಿಯಲ್ಲಿ ಉಪ್ಪು, ಇನ್ನೊಂದು ತುದಿಯಲ್ಲಿ ಹುಲ್ಲು ಸುತ್ತಿದ ಒಂದು ಹೊರೆ. ಹುಲ್ಲು ಬಿಡಿಸಿ ಒಂದು ಮೊಗದ ಗಡಿಗೆಯನ್ನು ಅಕ್ಕನ ಮುಂದಿಟ್ಟ.

"ಇದನ್ನ ಈ ಆವಿಗೆ ಮನೇಲಿ ಕೊಡು ಅಂದ್ರು, ಅಮ್ಮ."

"ಯಾರು ಅಂದ್ರು?" ಎಂದೆ ನಾನು.

"ನಮ್ ಕಡೆಯೋರು," ಅಂದ. ನೆಲ ನೋಡುತ್ತಿದ್ದ.

ಜನ ಸುತ್ತಲೂ ಬಗ್ಗಿ ನೋಡಿದರು. ನಾನೂ ನೋಡಿದೆ. ಅಗಲ ಕೆನ್ನೆ, ಸಮ ಕತ್ತರಿಸಿದ ಕೂದಲು, ಚಿಕ್ಕ ಗದ್ದ, ಹೇಳದೆ ನಿಂತ ಬಾಯಿ. ಸಾಕ್ಷಾತ್ ನನ್ನ ಅಕ್ಕ. ಒಂದು ಹುಬ್ಬು ನಡುವೆ ಸ್ವಲ್ಪ ಕೆತ್ತಿ ಹೋದ ಹಾಗಿತ್ತು, ಅಷ್ಟೆ.

"ಲೋ ಮೂಗಾ," ಅಂದಳು ಹಾಕ್ ಅಜ್ಜಿ. ಅವನನ್ನು ಅವಳು ಕರೆಯುವುದೇ ಹಾಗೆ. "ಯಾವ ಹಳ್ಳ ಬಗೆದು ತಂದೆ ಇದನ್ನ? ಇದು ನಮ್ ಕೂಯಿನ್ ಗಡಿಗೆ. ಸತ್ತೋರ ಪಕ್ಕ ಇಟ್ಟಿದ್ದನ್ನ ಕದ್ದು, ಸಿಕ್ಕಿಬೀಳ್ತೀನಿ ಅಂತ ಇಲ್ಲಿಗೇ ತಂದು ಒಪ್ಪಿಸ್ತಿದೀಯ?"

"ಕದ್ದಿಲ್ಲ, ಅಜ್ಜಿ."

"ಮತ್ತೆ ಮಾಡ್ದೋರು ಯಾರು, ಹೇಳು."

ಬೋರಕ್, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಅಡ್ಡೆಯ ಹಗ್ಗವನ್ನು ತಡಕಾಡಿದ. ನಮಗೆ ಅಷ್ಟೇ ಸಾಕಾಯಿತು. ಹಿಂದೆ ನಿಂತಿದ್ದವರು ಅವನ ಉಪ್ಪಿನ ಹತ್ತಿರ ಸರಿದರು. ಸಮಾಧಿ ಬಗೆದವನ ಕೈಬೆರಳು ಕತ್ತರಿಸುವುದು ನಮ್ಮಲ್ಲಿ ವಾಡಿಕೆ.

"ಸ್ವಲ್ಪ ತಡೀರಿ," ಅಂದಳು ಅಕ್ಕ. "ಇದು ನನ್ ಮುಖಾನಾ?"

"ಇನ್ಯಾರದ್ದೇ? ನಿನ್ನ ಹೊಕ್ಕುಳು ಕೊಯ್ದೋಳು ನಾನು. ನಿನ್ ಮುಖ ನಂಗೆ ಗೊತ್ತಿಲ್ವಾ?"

"ನಿಂಗೆ ಗೊತ್ತು ಅಜ್ಜಿ. ನಂಗೆ ಗೊತ್ತಿಲ್ಲ. ನೋಡ್ತೀನಿ ತಾಳು."

ಗಡಿಗೆಯನ್ನು ತೊಡೆಯ ಮೇಲೆ ಎತ್ತಿಕೊಂಡು ಕಣ್ಣು ಮುಚ್ಚಿದಳು. ಎಡಗೈ ತನ್ನ ಮುಖಕ್ಕೆ, ಬಲಗೈ ಗಡಿಗೆಯ ಮುಖಕ್ಕೆ. ಹಣೆಯಿಂದ ಶುರುಮಾಡಿದಳು. ಎರಡು ಕೈಗಳೂ ಜೊತೆಯಾಗಿ ಇಳಿದವು. ಕೆನ್ನೆ ಒಂದೇ. ಮೂಗು ಒಂದೇ. ಗದ್ದ ಒಂದೇ. ಮತ್ತೆ ಮೇಲೆ ಹೋದಳು. ಹುಬ್ಬಿನ ಮೇಲೆ ಬಲಗೈ ನಿಂತಿತು, ಎಡಗೈ ಮಾತ್ರ ಮುಂದೆ ಹೋಯಿತು.

"ಅದು ದಾರೀಲಿ ಕೆತ್ತಿಹೋಗಿದೆ ಕಣೆ," ಅಂದಳು ಹಾಕ್ ಅಜ್ಜಿ.

ಸುಟ್ಟ ಗಡಿಗೆ ಕೆತ್ತಿಹೋದರೆ ಅಂಚು ಒರಟಾಗಿರುತ್ತದೆ, ಒಳಮಣ್ಣು ಕಾಣುತ್ತದೆ. ಇದು ನನಗೂ ಗೊತ್ತು. ನಾನು ಬಗ್ಗಿ ನೋಡಿದೆ. ಅಂಚು ನುಣುಪಾಗಿತ್ತು. ಹಸಿಯಿರುವಾಗ ಉಗುರಿನಿಂದ ಒತ್ತಿ, ಅದರ ಮೇಲೆ ತಿಳಿಮಣ್ಣು ಸವರಿ, ನುಣುಪು ಕಲ್ಲಿನಿಂದ ಉಜ್ಜಿದ್ದರು. ಸೀಳು ಬೇಕೆಂದೇ ಇಟ್ಟದ್ದು. ಬೇಕೆಂದೂ ಅಲ್ಲ, ಎಡಗೈಗೆ ಅಲ್ಲೊಂದು ಸೀಳು ಸಿಕ್ಕಿತ್ತು, ಬಲಗೈ ಅದನ್ನೇ ಮಾಡಿತ್ತು.

ನ್ಯಾಮ್ ಚಿಕ್ಕವಳಿದ್ದಾಗ ಸೌದೆ ತರುತ್ತೇನೆಂದು ನನ್ನ ಹಿಂದೆ ಓಡಿಬಂದು ಆವಿಗೆಯ ಅಂಚಿಗೆ ಬಿದ್ದಿದ್ದಳು. ಹುಬ್ಬು ಸೀಳಿತ್ತು. ಗಾಯಕ್ಕೆ ಬೂದಿ ಒತ್ತಿದವನು ನಾನೇ. ಅಲ್ಲಿ ಮತ್ತೆ ಕೂದಲು ಬೆಳೆಯಲೇ ಇಲ್ಲ. ಹೋಗುವಾಗ ಅವಳಿಗೆ ಇನ್ನೂ ಹುಡುಗಿಯ ಮುಖ, ಯಾರ ಹಾಗೂ ಇರಲಿಲ್ಲ. ಈ ವರ್ಷಗಳಲ್ಲಿ ಆ ಮುಖ ತಾಯಿಯ ಮುಖವಾಗಿ ಬೆಳೆದಿತ್ತು.

ನನಗಾದದ್ದು ಸಂತೋಷವೋ ಹೆದರಿಕೆಯೋ ಹೇಳಲಾರೆ. ಯಾರಾದರೂ ಹೆಸರು ಎತ್ತಿಬಿಟ್ಟರೆ ಮುಗಿಯಿತು, ತ್ಸೇ ಅಲ್ಲೇ ನಿಂತಿದ್ದಾಳೆ, ನದಿಗೆ ಬೇರೆ ಯಾರು ಬೇಕು? ಬೋರಕ್ ಯಾಕೆ ಬಾಯಿ ಮುಚ್ಚಿಕೊಂಡಿದ್ದಾನೆಂದು ಆಗ ತಿಳಿಯಿತು. ಬೆರಳು ಕತ್ತರಿಸಿದರೂ ಅವನು ಹೇಳುತ್ತಿರಲಿಲ್ಲ.

ಅಕ್ಕ ಕಣ್ಣು ತೆರೆದಳು. ಸೆರಗಿನಿಂದ ಗಡಿಗೆಯ ಮುಖದ ಧೂಳು ಒರೆಸಿದಳು. ನಾನು ಅವಳನ್ನೇ ನೋಡುತ್ತಿದ್ದೆ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ, ಕೈ ಮಾತ್ರ ಒರೆಸಿದ್ದನ್ನೇ ಒರೆಸುತ್ತಿತ್ತು.

"ಅಜ್ಜಿ ಹೇಳಿದ್ದು ಸರಿ," ಅಂದಳು. "ನಂದೇ ಗಡಿಗೆ. ಹಿಂದೆ ಯಾವಾಗ್ಲೋ ಕೆಳಗಿನೋರಿಗೆ ಕೊಟ್ಟಿದ್ದೆ, ಮರೆತಿದ್ದೆ. ಅವನನ್ನ ಬಿಡಿ. ಉಪ್ಪು ಮುಟ್ಬೇಡಿ."

"ಹಂಗಾದ್ರೆ ಸರಿ," ಅಂದಳು ಹಾಕ್ ಅಜ್ಜಿ. "ಏಳು, ಹೊತ್ತಾಯ್ತು. ಹೂಳಿ ಮುಗಿಸೋಣ."

ಬದುಕಿರುವವಳನ್ನು ಹೂಳುವುದು. ಹೂಳಬೇಡಿ ಎನ್ನಲು ಕಾರಣ ಹೇಳಬೇಕು, ಕಾರಣ ಹೇಳುವಂತಿಲ್ಲ. ಹೂಳದಿದ್ದರೆ ತ್ಸೇಯ ಬದುಕು ಮೂರಾಬಟ್ಟೆ. ಅಕ್ಕ ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದಳು. ಅವಳು ಚಿಕ್ಕ ಮಗಳ ಕಡೆ ತಿರುಗಿದಳು.

"ತ್ಸೇ, ಬಾ ಇಲ್ಲಿ. ಇದು ಹೆಂಗೆ ಬಂದಿದೆ ಅಂತ ಕೈಯಿಟ್ಟು ನೋಡು."

ತ್ಸೇ ಬಂದು ಕೂತು ಕಣ್ಣು ಮುಚ್ಚಿ ಕೈಯಿಟ್ಟಳು. ಹುಬ್ಬಿಗೆ ಬಂದಾಗ ಅವಳ ಬೆರಳು ಸೀಳಿನ ಮೇಲೆ ಹಿಂದಕ್ಕೂ ಮುಂದಕ್ಕೂ ಆಡಿತು. ನ್ಯಾಮ್‌ಳ ಪಕ್ಕದಲ್ಲೇ ಮಲಗಿ ಬೆಳೆದವಳು, ಆ ಸೀಳಿನ ಮೇಲೆ ಬೆರಳಾಡಿಸುತ್ತಾ ನಿದ್ದೆ ಹೋಗುತ್ತಿದ್ದವಳು. ಕೈಯನ್ನು ಅಲ್ಲೇ ಇಟ್ಟುಕೊಂಡು ಬಹಳ ಹೊತ್ತು ಕೂತಳು. ಅವಳು ಏನು ಲೆಕ್ಕ ಹಾಕುತ್ತಿದ್ದಳೆಂದು ನನಗೆ ಗೊತ್ತು. ಸುಮ್ಮನಿದ್ದರೆ ಸಾಕಿತ್ತು, ಸಂಜೆಯೊಳಗೆ ಆವಿಗೆ ಅವಳದಾಗುತ್ತಿತ್ತು.

ಎದ್ದು ಒಳಗೆ ಹೋದಳು. ಬಂದಾಗ ಕೈಯಲ್ಲಿ ಚೂಪುಗಲ್ಲು. ಹಾಕ್ ಅಜ್ಜಿಯ ಮುಂದಿದ್ದ ಕುರುಡು ಗಡಿಗೆಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಕಣ್ಣಿನ ಉಬ್ಬಿನ ಮೇಲೆ ಕಲ್ಲು ಊರಿ ತಿರುವತೊಡಗಿದಳು.

"ಏನೇ ಮಾಡ್ತಿದೀಯ, ಮೂಳಿ?"

"ಕಣ್ಣು ಬಿಡಿಸ್ತಿದೀನಿ, ಅಜ್ಜಿ."

"ಕಣ್ಣು ಬಂದ ಗಡಿಗೆನ ಹೆಣದ ಬದಲು ಹೂಳೋ ಹಂಗಿಲ್ಲ ಕಣೆ."

"ಗೊತ್ತು."

"ಆವಿಗೆ ನಿಂಗೆ ಸಿಗಲ್ಲ."

"ಗೊತ್ತು ಅಂದ್ನಲ್ಲ."

ಸುಟ್ಟ ಮಣ್ಣಿಗೆ ತೂತು ಕೊರೆಯುವುದು ಹುಡುಗಾಟವಲ್ಲ. ಸ್ವಲ್ಪ ಜೋರಾದರೆ ಮುಖವೇ ಎರಡು ಹೋಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನು ನೋಡಲಾರದೆ ಹಂದಿಯ ಹಂಡೆಯ ಕಡೆ ಹೋದೆ. ಬಿಸಿಲು ಗೋಡೆಯಿಂದ ಅಂಗಳಕ್ಕೆ ಇಳಿಯುವವರೆಗೂ ಕಲ್ಲಿನ ಕರಕರ ಕೇಳುತ್ತಿತ್ತು. ಯಾರೂ ಮನೆಗೆ ಹೋಗಲಿಲ್ಲ, ಮಾಂಸ ಬೆಂದಿರಲಿಲ್ಲ.

ಎರಡನೆಯ ಕಣ್ಣು ತೆರೆದ ಮೇಲೆ ತ್ಸೇ ಪುಡಿಯನ್ನು ಊದಿದಳು. ಹಾಕ್ ಅಜ್ಜಿ ಆ ಗಡಿಗೆಯನ್ನು ನೋಡಿದಳು, ಬೋರಕ್ ತಂದದ್ದನ್ನು ನೋಡಿದಳು, ಎದ್ದುಹೋಗಿ ಅದರ ಹುಬ್ಬಿನ ಮೇಲೆ ಒಂದು ಬೆರಳಿಟ್ಟು ತೆಗೆದಳು. ನ್ಯಾಮ್ ಹುಟ್ಟಿದಾಗ ಹೆರಿಗೆ ಮಾಡಿಸಿದವಳೂ ಅವಳೇ ಅಲ್ಲವೇ? ಬಯ್ಯುತ್ತಾಳೆಂದುಕೊಂಡೆ. ಬಯ್ದಳು, ಆದರೆ ನನ್ನನ್ನು.

"ಲೋ ಸೌದೆಯೋನೆ, ಆ ಹಳ್ಳ ಮುಚ್ಚೋ. ಹಂದಿಮರಿ ಬಿದ್ದು ಸತ್ತೀತು."

ಅಕ್ಕ ತ್ಸೇಯ ಗಡಿಗೆಗೆ ನಮ್ಮ ಹೊಲದ ಬಿತ್ತನೆ ನವಣೆ ತುಂಬಿ, ಬಾಯಿಗೆ ಎಲೆ ಕಟ್ಟಿ ಬೋರಕ್‌ನ ಕೈಗಿಟ್ಟಳು. "ಕೊಟ್ಟೋರಿಗೆ ಕೊಡು," ಅಂದಳು. ಅವನು ಎಂದಿನ ಹಾಗೆ ಹೊರಗಿನವರ ಜಾಗದಲ್ಲಿ, ಬಾಗಿಲ ಬಳಿ ಕೂತು ಉಂಡು, ಗಡಿಗೆಯನ್ನು ಹುಲ್ಲಿನಲ್ಲಿ ಸುತ್ತಿಕೊಂಡು ಹೋದ.

ಆ ವರ್ಷ ನಮಗೆ ಕಷ್ಟವೇ ಆಯಿತು. ತ್ಸೇ ಬರೀ ಬಾನಿ, ಕುಡಿಕೆ ಮಾಡಿದಳು. ಅಕ್ಕನ ಕೈಯಿಂದ ಒಂದೇ ಒಂದು ಮೊಗ ಏಳಲಿಲ್ಲ. ಆವಿಗೆಯನ್ನು ಮೇಲಿನ ಮನೆಯವರಿಗೆ ಕೊಡುವ ಮಾತು ಮೂರು ಸಲ ಎದ್ದಿತು. ಮೂರು ಸಲವೂ ಹಾಕ್ ಅಜ್ಜಿ ಅದನ್ನು ಬಾಯಿ ಮಾಡಿ ಕೂರಿಸಿದಳು. ಏನು ಕಾರಣ ಎಂದು ಕೇಳಿದವರಿಗೆ, ನನ್ನ ಇಷ್ಟ ಅಂದಳು. ನಾನು ಅಕ್ಕನ ಮೇಲೆ, ತ್ಸೇಯ ಮೇಲೆ, ಸೌದೆಯ ಮೇಲೆ ಸಿಡುಕುತ್ತಲೇ ಇದ್ದೆ. ತ್ಸೇ ಹಾಡು ಹೇಳಿಕೊಂಡೇ ಮಣ್ಣು ನಾದುತ್ತಿದ್ದಳು, ಅದು ನನಗೆ ಇನ್ನೂ ಸಿಟ್ಟು ಬರಿಸುತ್ತಿತ್ತು.

ಮರು ವಸಂತದಲ್ಲಿ ಬೋರಕ್ ಬಂದಾಗ ಅಡ್ಡೆಯಲ್ಲಿ ಉಪ್ಪೇ ಇರಲಿಲ್ಲ. ಎರಡೂ ತುದಿಯಲ್ಲಿ ಗಡಿಗೆ. ಎಲ್ಲಕ್ಕೂ ಮೊಗ, ಎಲ್ಲ ಮೊಗಕ್ಕೂ ಸೀಳುಹುಬ್ಬು. ಕಣಿವೆಯವರು ಬಂದು ನೋಡಿ, ಕೂಯಿನ್ ಮತ್ತೆ ಶುರುಮಾಡಿದಳು ಎಂದು ಖುಷಿಯಾಗಿ ಒಯ್ದರು. ಹುಬ್ಬು ಯಾಕೆ ಹೀಗೆ ಎಂದು ಒಬ್ಬ ಕೇಳಿದ. ಅಕ್ಕನಿಗೆ ಕೈ ನಡುಗುತ್ತದೆ, ಬೇಡವಾದರೆ ಇಟ್ಟು ಹೋಗು ಅಂದೆ. ಒಯ್ದ. ಆವಿಗೆಯ ಮಾತು ಅಲ್ಲಿಗೆ ಅಡಗಿತು.

ಅವರೆಲ್ಲ ಹೋದ ಮೇಲೆ ಬೋರಕ್ ಎದೆಗವಚಿಕೊಂಡಿದ್ದ ಬಟ್ಟೆಯಿಂದ ಇನ್ನೊಂದು ಗಡಿಗೆ ತೆಗೆದ. ಚಿಕ್ಕದು. ಕತ್ತಿನ ಮೇಲೆ ಅದೇ ಸೀಳುಹುಬ್ಬಿನ ಮುಖ. ಅದರ ಕೆಳಗೆ, ಹೊಟ್ಟೆಯ ಮೇಲೆ, ಒಂದು ಹಿಡಿಯಷ್ಟೇ ಇರುವ ಇನ್ನೊಂದು ಮುಖ. ಹಾಲು ಕುಡಿಯುವ ಮಗು ತಾಯಿಯ ಮೈಯೇ ಎಂದು ನಮ್ಮಲ್ಲಿ ಲೆಕ್ಕ, ಅದರ ಮುಖವನ್ನು ತಾಯಿ ಮುಟ್ಟಿ ಮಾಡಬಹುದು. ಪಕ್ಕದಲ್ಲೇ ಹಸಿ ಮಣ್ಣಿಗೆ ಯಾವುದೋ ಪುಟ್ಟ ಹೆಬ್ಬೆರಳು ಒತ್ತಿ ಹಾಳು ಮಾಡಿತ್ತು. ಹಾಳು ಮಾಡಿದ್ದನ್ನು ಸರಿಪಡಿಸದೆ ಹಾಗೇ ಸುಟ್ಟಿದ್ದರು.

ಅಕ್ಕ ಕಣ್ಣು ಮುಚ್ಚಿ ಆ ಪುಟ್ಟ ಮುಖದ ಮೇಲೆ ಕೈಯಿಟ್ಟಳು. ಹಣೆ ಮುಟ್ಟಿ ತಲೆಯಾಡಿಸಿದಳು. ಕೆನ್ನೆ ಮುಟ್ಟಿ ತಲೆಯಾಡಿಸಿದಳು. ಮೂಗಿಗೆ ಬಂದು ನಿಂತಳು. ತನ್ನ ಮೂಗು ಮುಟ್ಟಿಕೊಂಡಳು, ಮತ್ತೆ ಆ ಮೂಗು ಮುಟ್ಟಿದಳು. "ಇದು ನಮ್ ಮನೇದಲ್ಲ," ಎಂದು ತನಗೇ ಹೇಳಿಕೊಂಡಳು. ನಾನು ಬಗ್ಗಿ ನೋಡಿದೆ. ಮೂಗು ನಡುವಿನಲ್ಲೇ ಒಂದು ಕಡೆಗೆ ತಿರುಗಿತ್ತು.

ಬೋರಕ್ ಬಾಗಿಲ ಬಳಿ ಬಟ್ಟಲು ಹಿಡಿದು ಕೂತಿದ್ದ. ಉಣ್ಣುತ್ತಿರಲಿಲ್ಲ.

"ಹತ್ರ ಬಾ," ಅಂದಳು ಅಕ್ಕ.

ಅವನು ಮೊಣಕಾಲೂರಿ ಮುಂದೆ ಬಂದ. ಅಕ್ಕ ಕಣ್ಣು ತೆರೆಯದೆಯೇ ಕೈ ಚಾಚಿ ಅವನ ಮುಖ ಹುಡುಕಿದಳು. ಊದಿದ ಬೆರಳುಗಳು ಅವನ ಮೂಗಿನ ಮೇಲೆ ನಿಧಾನವಾಗಿ ಇಳಿದು, ತಿರುವಿಗೆ ಬಂದು, ತಿರುಗಿದವು. ತ್ಸೇ ಬಾಯಿಗೆ ಕೈ ಅಡ್ಡ ಹಿಡಿದಳು. ನನಗೂ ನಗು ಬಂತು. ಇಷ್ಟು ವರ್ಷ ನಾವು ಆಡಿಕೊಂಡ ಮೂಗು ನಮ್ಮ ಮನೆಯೊಳಕ್ಕೇ ಬಂದು ಕೂತಿತ್ತು.

ಅಕ್ಕ ನಗಲಿಲ್ಲ. ಅವನ ಕೈಯಿಂದ ಬಟ್ಟಲು ತೆಗೆದುಕೊಂಡು ಎದ್ದಳು. ಅದರಲ್ಲಿದ್ದ ಆರಿದ ಗಂಜಿಯನ್ನು ನಾಯಿಗೆ ಸುರಿದು, ಒಲೆಯಿಂದ ಬಿಸಿಯಾದದ್ದನ್ನು ಹಾಕಿ, ಬಟ್ಟಲನ್ನು ಒಲೆಯ ಒಳಬದಿಗೆ, ಗೋಡೆಯ ಕಡೆ ಇಟ್ಟಳು. ಅದು ಮನೆಯ ಹೆಣ್ಣುಮಕ್ಕಳ ಗಂಡಂದಿರು ಕೂರುವ ಜಾಗ. ಅಕ್ಕನ ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಅಲ್ಲಿ ಯಾರೂ ಕೂತಿರಲಿಲ್ಲ.

"ಬಾಗಿಲ ಹತ್ರ ಗಾಳಿ," ಅಂದಳು. "ಅಲ್ಲಿ ಕೂತ್ಕೊಂಡು ಉಣ್ಣು."

ಅವನು ಹೋಗಿ ಕೂತ. ತಲೆ ಬಗ್ಗಿಸಿಕೊಂಡು ಉಂಡ. ಅವನ ಕಣ್ಣಿಂದ ನೀರು ಗಂಜಿಗೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅಕ್ಕ ಎದುರಿಗೆ ಕೂತು ಅವನು ಉಣ್ಣುವುದನ್ನೇ ನೋಡುತ್ತಿದ್ದಳು. ಕೇಳಬಾರದ್ದನ್ನು ಕೇಳಿಬಿಡುತ್ತಾಳೆಂದು ನನಗೆ ಹೆದರಿಕೆಯಾಗುತ್ತಿತ್ತು. ಆದರೆ ಒಬ್ಬ ಗಂಡಸನ್ನು ಅವನ ಮನೆಯ ವಿಷಯ ಕೇಳಬಾರದೆಂದು ಯಾವ ನದಿಯೂ ಹೇಳಿಲ್ಲ.

"ನಿಮ್ ಮನೇಲಿ ಹೊಟ್ಟೆತುಂಬ ಉಣ್ತಾರೇನಪ್ಪ?"

"ಉಣ್ತಾರಮ್ಮ," ಅಂದ ಬೋರಕ್. "ಇಬ್ರೂ ಉಣ್ತಾರೆ. ಹೋದ ಸಲ ನೀವು ಕೊಟ್ಟ ನವಣೆ ಬಿತ್ತಿದ್ರು."

"ಮೊಳೀತಾ?"

"ಎಲ್ಲಾ ಮೊಳೀತು."

ಅಕ್ಕ ಅವನ ಬಟ್ಟಲಿಗೆ ಇನ್ನೊಂದು ಸೌಟು ಹಾಕಿದಳು.